ಹೋಟೆಲ್ ಕ್ಯಾಲಿಫೋರ್ನಿಯಾ: ಎರಡನೇ ಕಾರ್ಡ್ ಬಂದಾಗಲೆಲ್ಲ ನನ್ನ ಸೋಲೋ ಅಪಸ್ವರ ಆಗುವುದೇಕೆ?

ಸಂಜೆತಂತಿ

ಎಲ್ಲರಿಗೂ ನಮಸ್ಕಾರ. ನಾನು ಗಿಟಾರ್ ಹಿಡಿದು ಎರಡು ವರ್ಷ ಆಯಿತು. ಕೆಲಸದಿಂದ ಬಂದು, ಊಟ ಮುಗಿಸಿ, ರಾತ್ರಿ ಒಂದು ಗಂಟೆ ಕೂರುತ್ತೇನೆ. ಮೂರು ತಿಂಗಳಿಂದ ಕೈಯಲ್ಲಿರುವುದು ಒಂದೇ ಹಾಡು, ಈಗಲ್ಸ್ ತಂಡದ ಹೋಟೆಲ್ ಕ್ಯಾಲಿಫೋರ್ನಿಯಾ. ಹಾಸ್ಟೆಲ್ ದಿನಗಳಲ್ಲಿ ಪಕ್ಕದ ರೂಮಿನಿಂದ ಕೇಳಿಬರುತ್ತಿತ್ತು. ಒಂದಲ್ಲ ಒಂದು ದಿನ ಇದನ್ನು ನುಡಿಸಬೇಕು ಅಂತ ಅವತ್ತೇ ಅಂದುಕೊಂಡಿದ್ದೆ.

ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳು) ಕೈಗೆ ಕೂತಿವೆ. ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಎಂಟು ಬಾರ್ (ನಾಲ್ಕು ನಾಲ್ಕು ಬೀಟ್‌ನ ತುಂಡು), ಬಾರ್‌ಗೊಂದು ಕಾರ್ಡ್. ಎಫ್ ಶಾರ್ಪ್ ಒತ್ತಿ ಹಿಡಿಯುವುದಕ್ಕೇ ಒಂದು ತಿಂಗಳು ಹೋಯಿತು. ಈಗ ಆರೂ ತಂತಿ ಸರಿಯಾಗಿ ಕೇಳುತ್ತವೆ.

ತೊಂದರೆ ಇರುವುದು ಸೋಲೋದಲ್ಲಿ. ರೆಕಾರ್ಡಿನ ಸೋಲೋ ಪೂರ್ತಿ ನುಡಿಸುವಷ್ಟು ಕೈ ಇನ್ನೂ ಓಡುವುದಿಲ್ಲ. ಅದಕ್ಕೇ ಫೋನಿನಲ್ಲಿ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು ನನ್ನದೇ ಸಣ್ಣ ಸಣ್ಣ ಸಾಲು ಕಟ್ಟುತ್ತಿದ್ದೇನೆ. ನಾನು ಹೋಗುತ್ತಿದ್ದ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: “ಬಿ ಮೈನರ್ ಪೆಂಟಟಾನಿಕ್ (ಐದು ಸ್ವರದ ಸ್ಕೇಲ್), 7ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿ) ಹತ್ತಿರ. ಅದರಲ್ಲಿ ಏನು ನುಡಿಸಿದರೂ ತಪ್ಪಾಗುವುದಿಲ್ಲ.” ಮೊದಲ ಬಾರ್‌ನಲ್ಲಿ ಅದು ನಿಜ. ಎಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ ನನಗೇ ನಂಬಿಕೆ ಬರುವುದಿಲ್ಲ. ಎರಡನೇ ಬಾರ್‌ಗೆ ಕಾಲಿಟ್ಟ ಕೂಡಲೇ ಕಿವಿಗೆ ಚುಚ್ಚುತ್ತದೆ. ಮೂರನೇ ಬಾರ್‌ನಲ್ಲಿ ಮತ್ತೆ ಸರಿ. ಸ್ಕೇಲ್ ಅದೇ, ಬೆರಳು ಅದೇ. ಹಾಗಾದರೆ ಕೆಡುತ್ತಿರುವುದು ಏನು?

ಇನ್ನೊಂದು ಪ್ರಶ್ನೆ. ಬಿ ಮೈನರ್ ಸ್ಕೇಲ್‌ನಲ್ಲಿ ಇ ಮೇಜರ್ ಕಾರ್ಡ್ ಬರಲೇಬಾರದು ಅಂತ ಓದಿದೆ. ಈ ಹಾಡಿನಲ್ಲಿ ಇ ಮೇಜರ್ರೂ ಇದೆ, ಇ ಮೈನರ್ರೂ ಇದೆ. ಹೇಗೆ?

ಹೊಸಬೆರಳು

ನನ್ನದೂ ಇದೇ ಕಥೆ. ಎರಡನೇ ಬಾರ್ ಬಂದಾಗ ನಾನು ನುಡಿಸುವುದನ್ನೇ ನಿಲ್ಲಿಸಿಬಿಡುತ್ತೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಆರುತಂತಿ

ಸಂಜೆತಂತಿ ಅವರೇ, ನಿಮ್ಮ ಕಿವಿ ಸರಿಯಾಗಿದೆ, ಮೊದಲು ಅದನ್ನು ನಂಬಿ. ಎಷ್ಟೋ ಜನಕ್ಕೆ ಇದು ಕೇಳಿಸುವುದೇ ಇಲ್ಲ.

ಬಿ ಮೈನರ್ ಪೆಂಟಟಾನಿಕ್‌ನಲ್ಲಿ ಐದು ಸ್ವರ: ಬಿ, ಡಿ, ಇ, ಎಫ್ ಶಾರ್ಪ್, ಎ. ಈಗ ಎಫ್ ಶಾರ್ಪ್ ಕಾರ್ಡ್‌ನೊಳಗೆ ಏನಿದೆ ನೋಡಿ. ಎಫ್ ಶಾರ್ಪ್, ಎ ಶಾರ್ಪ್, ಸಿ ಶಾರ್ಪ್. ನಿಮ್ಮ ಸ್ಕೇಲ್‌ನಲ್ಲಿರುವುದು ಎ. ಕಾರ್ಡ್‌ನಲ್ಲಿರುವುದು ಎ ಶಾರ್ಪ್. ಎರಡಕ್ಕೂ ಒಂದೇ ಫ್ರೆಟ್ ಅಂತರ. ಎರಡೂ ಒಟ್ಟಿಗೆ ಮೊಳಗಿದರೆ ಉಜ್ಜಾಡುತ್ತವೆ. ಬ್ಲೂಸ್‌ನಲ್ಲಿ ಬೇಕೆಂದೇ ಹೀಗೆ ಉಜ್ಜುತ್ತಾರೆ, ಅದು ಬೇರೆ ವಿಚಾರ. ಈ ಹಾಡಿನ ಈ ಜಾಗದಲ್ಲಿ, ನಿಧಾನಕ್ಕೆ, ಆ ಎ ಮೇಲೆ ನಿಂತುಬಿಟ್ಟರೆ ಚುಚ್ಚುತ್ತದೆ.

ನನ್ನದೊಂದು ಊಹೆ. ಎರಡನೇ ಬಾರ್‌ನಲ್ಲಿ ನೀವು ಎರಡನೇ ತಂತಿಯ (ತೆಳು ತಂತಿಯಿಂದ ಎಣಿಸಿ) 10ನೇ ಫ್ರೆಟ್ ಮೇಲೆ ನಿಲ್ಲುತ್ತಿದ್ದೀರಿ, ಅದೇ ಆ ಎ. ಹೌದಾ? ಒಂದು ಸಲ ರೆಕಾರ್ಡ್ ಮಾಡಿಕೊಂಡು ನೋಡಿ ಹೇಳಿ.

ಸಂಜೆತಂತಿ

ಈಗಷ್ಟೇ ಫೋನಿನಲ್ಲಿ ವಿಡಿಯೋ ಮಾಡಿ ನೋಡಿದೆ. ಐದು ಸಲ ನುಡಿಸಿದರೆ ನಾಲ್ಕು ಸಲ ಅಲ್ಲೇ ನಿಂತಿದ್ದೇನೆ. ಎರಡನೇ ತಂತಿ, 10ನೇ ಫ್ರೆಟ್. ನಿಮಗೆ ಹೇಗೆ ಗೊತ್ತಾಯಿತು ಸರ್?

ಆರುತಂತಿ

ನನ್ನ ಕಿರುಬೆರಳೂ ವರ್ಷಗಟ್ಟಲೆ ಅಲ್ಲೇ ಹೋಗಿ ಕೂರುತ್ತಿತ್ತು. ಆ ಬಾಕ್ಸ್‌ನಲ್ಲಿ, ಅಂದರೆ 7ನೇ ಫ್ರೆಟ್‌ನ ಆ ಸ್ಕೇಲ್ ಆಕಾರದಲ್ಲಿ, ಕೈ ಇಟ್ಟರೆ ಅದಕ್ಕೆ ಸುಲಭವಾಗಿ ಸಿಗುವ ಜಾಗ ಅದೇ.

ಈಗ ಒಂದು ಕೆಲಸ ಮಾಡಿ. ಸೋಲೋ ಬಿಟ್ಟುಬಿಡಿ. ಸ್ಕೇಲನ್ನೂ ಬಿಟ್ಟುಬಿಡಿ. ಎರಡನೇ ತಂತಿ ಒಂದನ್ನೇ ಇಟ್ಟುಕೊಳ್ಳಿ. ಬ್ಯಾಕಿಂಗ್ ಟ್ರ್ಯಾಕ್ ಹಾಕಿ ಬಾರ್‌ಗೆ ಒಂದೇ ಸ್ವರ ನುಡಿಸಿ, ನಾಲ್ಕು ಬೀಟ್ ಪೂರ್ತಿ ಮೊಳಗಲು ಬಿಡಿ.

ಬಿ ಮೈನರ್: 12ನೇ ಫ್ರೆಟ್, ಬಿ.
ಎಫ್ ಶಾರ್ಪ್: 11, ಎ ಶಾರ್ಪ್.
ಎ: 10, ಎ.
ಇ: 9, ಜಿ ಶಾರ್ಪ್.
ಜಿ: 8, ಜಿ.
ಡಿ: 7, ಎಫ್ ಶಾರ್ಪ್.
ಇ ಮೈನರ್: 5, ಇ.
ಎಫ್ ಶಾರ್ಪ್: 7, ಎಫ್ ಶಾರ್ಪ್.

ಕೊನೆಯ ಎರಡು ಸದ್ಯಕ್ಕೆ ಹೀಗಿರಲಿ. ಮೊದಲ ಆರನ್ನು ನೋಡಿ. 12, 11, 10, 9, 8, 7. ಒಂದೊಂದೇ ಮೆಟ್ಟಿಲು ಇಳಿದ ಹಾಗೆ. ಪ್ರತಿ ಸ್ವರವೂ ಆ ಬಾರ್‌ನ ಕಾರ್ಡ್‌ನೊಳಗೇ ಇದೆ. ಕಾರ್ಡ್ ಬದಲಾದಂತೆ ಒಳಗೊಳಗೇ ಒಂದು ದನಿ ಇಳಿಯುತ್ತಾ ಹೋಗುತ್ತದೆ. ಹಾಡು ಕೇಳುವಾಗ ಎದೆ ಒಂದು ಥರ ಭಾರ ಆಗುತ್ತದಲ್ವಾ, ನನ್ನ ಮಟ್ಟಿಗೆ ಅದಕ್ಕೆ ಕಾರಣ ಈ ಇಳಿತವೇ.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇ ಮೇಜರ್ ಬಂದಿರುವುದು ಜಿ ಶಾರ್ಪ್‌ಗಾಗಿ. ಎ ಮತ್ತು ಜಿ ನಡುವೆ ಅದು ಬೇಕು. ಅಲ್ಲಿ ಇ ಮೈನರ್ ಹಾಕಿದರೆ 10ರಿಂದ ನೇರ 8ಕ್ಕೆ ಹಾರುತ್ತದೆ, ಮೆಟ್ಟಿಲು ಮುರಿಯುತ್ತದೆ. ಏಳನೇ ಬಾರ್‌ಗೆ ಬರುವ ಹೊತ್ತಿಗೆ ಇಳಿತ ಮುಗಿದಿರುತ್ತದೆ. ಅಲ್ಲಿ ಸ್ಕೇಲ್‌ನದೇ ಆದ ಇ ಮೈನರ್ ಬಂದರೂ ಏನೂ ಕೆಡುವುದಿಲ್ಲ.

ಇನ್ನೂ ಒಂದಿದೆ, ಇದು ನನಗೆ ಬಹಳ ಇಷ್ಟ. ಕ್ಯಾಪೋ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಇಲ್ಲದೆ ಕಾರ್ಡ್ ಹಿಡಿದು ಮೂರನೇ ತಂತಿ ಮಾತ್ರ ಮೀಟಿ. 2ನೇ ಫ್ರೆಟ್‌ನ ಬಿ ಮೈನರ್‌ನಲ್ಲಿ ಆ ತಂತಿ 4ನೇ ಫ್ರೆಟ್. 2ನೇ ಫ್ರೆಟ್‌ನ ಎಫ್ ಶಾರ್ಪ್‌ನಲ್ಲಿ 3. ಮಾಮೂಲಿ ಎ ಕಾರ್ಡ್‌ನಲ್ಲಿ 2. ಮಾಮೂಲಿ ಇ ಕಾರ್ಡ್‌ನಲ್ಲಿ 1. ಜಿ ಕಾರ್ಡ್‌ನಲ್ಲಿ ತೆರೆದ ತಂತಿ. 4, 3, 2, 1, 0. ಮೂರು ತಿಂಗಳಿಂದ ಈ ಇಳಿತ ನಿಮ್ಮ ಎಡಗೈಯಲ್ಲೇ ಇತ್ತು.

ಸಂಜೆತಂತಿ

ಈಗ ಕಾರ್ಡ್ ಹಿಡಿದು ಮೂರನೇ ತಂತಿ ಮೀಟಿದೆ. ಮೈ ಜುಮ್ಮೆಂದಿತು. ಹಾಡಿನ ಒಳಗೆ ಹೋಗಿ ನಿಂತ ಹಾಗಾಯಿತು. ನಾಳೆಯಿಂದ ಎರಡನೇ ತಂತಿಯ ಅಭ್ಯಾಸ ಶುರು. ತುಂಬಾ ಥ್ಯಾಂಕ್ಸ್ ಸರ್.

ವೀಣೆಮನೆ

ನಾನು ಗಿಟಾರ್ ನುಡಿಸುವವಳಲ್ಲ. ಮೈಸೂರಿನಲ್ಲಿ ಮಕ್ಕಳಿಗೆ ವೀಣೆ ಪಾಠ ಹೇಳುತ್ತೇನೆ. ನನ್ನ ಮಗ ಗಿಟಾರ್ ನುಡಿಸುತ್ತಾನೆ, ಅವನೇ ಈ ಚರ್ಚೆ ತೋರಿಸಿದ. ಓದಿ ಸುಮ್ನೆ ಇರಲು ಆಗಲಿಲ್ಲ.

ಬಿ ಸ್ವರವನ್ನು ಷಡ್ಜ ಮಾಡಿಕೊಳ್ಳಿ. ಹಾರ್ಮೋನಿಯಂನಲ್ಲಿ ಬಿಳಿ ಏಳು. ಆಗ ನಿಮ್ಮ ಪೆಂಟಟಾನಿಕ್‌ನ ಐದು ಸ್ವರ ಸ ಗ ಮ ಪ ನಿ ಆಗುತ್ತವೆ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮಲ್ಲಿ ಶುದ್ಧ ಧನ್ಯಾಸಿ ರಾಗಕ್ಕೆ ಇರುವ ಸ್ವರಗಳು ಇವೇ. ಎರಡನೇ ಬಾರ್‌ನ ಎಫ್ ಶಾರ್ಪ್ ಕಾರ್ಡ್ ಕೇಳುತ್ತಿರುವುದು ಕಾಕಲಿ ನಿಷಾದ, ಅಂದರೆ ಎ ಶಾರ್ಪ್. ಕೈಶಿಕಿ ನಿಷಾದದ ಮೇಲೆ ನಿಂತರೆ ಹೊಂದುವುದಾದರೂ ಹೇಗೆ?

ಇನ್ನು ಮೇಳ ನೋಡಿ, ಅಂದರೆ ಏಳು ಸ್ವರದ ಮೂಲ ಸ್ಕೇಲ್. ಬಿ ಮೈನರ್‌ನ ಸಹಜ ಸ್ಕೇಲ್ ಅಂದರೆ ನಮ್ಮ 20ನೇ ಮೇಳ, ನಠಭೈರವಿ. ಎಫ್ ಶಾರ್ಪ್ ಕಾರ್ಡ್‌ಗಾಗಿ ನಿಷಾದ ಒಂದನ್ನು ಏರಿಸಿದರೆ 21ನೇ ಮೇಳ, ಕೀರವಾಣಿ. ಇ ಮೇಜರ್ ಕಾರ್ಡ್‌ಗಾಗಿ ನಿಷಾದವನ್ನು ಹಾಗೇ ಬಿಟ್ಟು ಧೈವತ ಒಂದನ್ನು ಏರಿಸಿದರೆ 22ನೇ ಮೇಳ, ಖರಹರಪ್ರಿಯ. 20, 21, 22. ಮೇಳಕರ್ತ ಪಟ್ಟಿಯಲ್ಲಿ ಒಂದರ ಪಕ್ಕ ಒಂದು. ಷಡ್ಜದಿಂದ ಪಂಚಮದವರೆಗೆ ಮೂರರಲ್ಲೂ ಒಂದೇ ಸ್ವರಗಳು, ಬದಲಾಗುವುದು ಧೈವತ ನಿಷಾದ ಮಾತ್ರ. ಕರ್ನಾಟಕ ಸಂಗೀತ ಸ್ವಲ್ಪ ಕಲಿತವರು ಈ ಹಾಡಿಗೆ ಬಂದರೆ ಅರ್ಧ ದಾರಿ ಆಗಲೇ ನಡೆದಿರುತ್ತಾರೆ.

ಮಳೆಗಾಲದವ

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಆದರೆ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ರಾಗ ಅಂದರೆ ಸ್ವರಗಳ ಪಟ್ಟಿ ಅಲ್ಲವಲ್ಲ. ಗಮಕ ಬೇಕು, ಸಂಚಾರ ಬೇಕು. ನಾಲ್ಕು ಬೀಟ್‌ಗೊಮ್ಮೆ ನಠಭೈರವಿಯಿಂದ ಕೀರವಾಣಿಗೆ, ಅಲ್ಲಿಂದ ಖರಹರಪ್ರಿಯಕ್ಕೆ ಹೋಗುತ್ತದೆ ಅಂದರೆ ಹೊಸಬರು ತಪ್ಪು ತಿಳಿಯುತ್ತಾರೆ. ಇಲ್ಲಿ ಸ್ವರ ಬದಲಾಗುವುದು ಕಾರ್ಡ್ ಬದಲಾಗುವುದರಿಂದ. ನಮ್ಮ ಸಂಗೀತದಲ್ಲಿ ಶ್ರುತಿ ಹಿಂದೆ ಒಂದೇ ಸಮನೆ ನಿಂತಿರುತ್ತದೆ. ಇಲ್ಲಿ ನೆಲವೇ ಸರಿಯುತ್ತಿರುತ್ತದೆ.

ವೀಣೆಮನೆ

ನಿಮ್ಮ ಮಾತು ನಿಜ, ಒಪ್ಪುತ್ತೇನೆ. ರಾಗ ಅನ್ನುವುದಕ್ಕಿಂತ ಮೇಳದ ಸ್ವರಗಳು ಅನ್ನಬೇಕಿತ್ತು. ನಾನು ಹೇಳಲು ಹೊರಟಿದ್ದು ಕಿವಿಯ ವಿಷಯ. ಕಾಕಲಿ ನಿಷಾದಕ್ಕೂ ಕೈಶಿಕಿ ನಿಷಾದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ಹಾಡಿ ಕಲಿತಿರುತ್ತಾರೆ. ಆ ಕಿವಿಯನ್ನು ಇಲ್ಲಿ ಬಳಸಿಕೊಳ್ಳಿ, ಅಷ್ಟೇ ನನ್ನ ಮಾತು. ನೆಲ ಸರಿಯುತ್ತದೆ ಅಂದಿರಲ್ಲ, ಅದನ್ನು ನಾಳೆ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇನೆ.

ಕ್ಯಾಸೆಟ್‌ಕಾಲ

ಎಲ್ಲರ ಮಾತೂ ಓದಿದೆ. ನಾನು ದಾವಣಗೆರೆ ಕಡೆಯವನು. ತೊಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಣೇಶನ ಪೆಂಡಾಲ್, ಮದುವೆ, ಊರ ಜಾತ್ರೆ, ಎಲ್ಲ ಕಡೆ. ಸಿನಿಮಾ ಹಾಡುಗಳ ನಡುವೆ ಯಾರಾದರೂ ಕಾಲೇಜು ಹುಡುಗರು ಬಂದು ಈ ಹಾಡು ಕೇಳುತ್ತಿದ್ದರು.

ನಮಗೆ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದ ಹಾಳೆ) ಇರಲಿಲ್ಲ, ಥಿಯರಿ ಹೇಳುವವರೂ ಇರಲಿಲ್ಲ. ಗೆಳೆಯನ ಹತ್ತಿರ ಒಂದು ಕ್ಯಾಸೆಟ್ ಇತ್ತು. ಸ್ವಲ್ಪ ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು. ಟೇಪ್ ಸಡಿಲಾದರೆ ಪೆನ್ಸಿಲ್ ಹಾಕಿ ಸುತ್ತುವುದು. ಶುರುವಿನ ಎಂಟು ಬಾರ್ ಹಿಡಿಯಲು ಒಂದು ವಾರ ಬೇಕಾಯಿತು. ಆದರೆ ಹಾಗೆ ಹಿಡಿದದ್ದು ಇವತ್ತಿಗೂ ಮರೆತಿಲ್ಲ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ, ಮೊದಲು ಕಿವಿ, ಆಮೇಲೆ ಹೆಸರು.

ಆದರೂ ಆರುತಂತಿ ಸರ್ ಬರೆದದ್ದು ಓದಿದ ಮೇಲೆ ರಾತ್ರಿ ಗಿಟಾರ್ ತೆಗೆದೆ. ನಾನು ಯಾವಾಗಲೂ 7ನೇ ಫ್ರೆಟ್‌ನಲ್ಲಿ ಕ್ಯಾಪೋ ಹಾಕಿ ನುಡಿಸುವವನು. ರೆಕಾರ್ಡಿನ ಶುರುವಿನಲ್ಲಿ ಕೇಳುವ ಆ ಮಿನುಗು ಸದ್ದು ಹಾಗೇ ಬರುವುದು. ಕ್ಯಾಪೋ ಹಾಕಿದರೆ ಕೈಯಲ್ಲಿ ಹಿಡಿಯುವ ಆಕಾರಗಳು ಇ ಮೈನರ್, ಬಿ ಸೆವೆನ್, ಡಿ, ಎ, ಸಿ, ಜಿ, ಎ ಮೈನರ್, ಬಿ ಸೆವೆನ್. ಇದರಲ್ಲೂ ಆ ಇಳಿತ ಇದೆಯಾ ಅಂತ ಹುಡುಕಿದೆ.

ಇದೆ! ಕ್ಯಾಪೋದಿಂದ ಎಣಿಸಿ. ನಾಲ್ಕನೇ ತಂತಿ ನೋಡಿ: ಇ ಮೈನರ್ ಆಕಾರದಲ್ಲಿ 2, ಬಿ ಸೆವೆನ್‌ನಲ್ಲಿ 1, ಡಿಯಲ್ಲಿ 0. ಅಲ್ಲಿಗೆ ಆ ತಂತಿ ಮುಗಿಯಿತು. ಈಗ ಎರಡನೇ ತಂತಿಗೆ ಬನ್ನಿ: ಎ ಆಕಾರದಲ್ಲಿ 2, ಸಿಯಲ್ಲಿ 1, ಜಿಯಲ್ಲಿ 0. ಮತ್ತೆ 2, 1, 0. ಒಂದು ಸಪ್ತಕ ಮೇಲೆ ಹಾರಿ ಇಳಿತ ಮುಂದುವರಿಯುತ್ತದೆ. ಎಷ್ಟೋ ವೇದಿಕೆಗಳ ಮೇಲೆ ನುಡಿಸಿದ್ದೇನೆ. ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ರಾತ್ರಿ ಹನ್ನೆರಡಕ್ಕೆ ಹೆಂಡತಿಯನ್ನು ಎಬ್ಬಿಸಿ ಕೇಳಿಸಿದೆ.

ಹೊಸಬೆರಳು

ಕ್ಯಾಸೆಟ್‌ಕಾಲ ಅಣ್ಣ, ಕ್ಯಾಪೋ ಹಾಕಿ ನುಡಿಸಿದೆ, ತುಂಬಾ ಸುಲಭ ಆಯಿತು. ಆದರೆ 7ನೇ ಫ್ರೆಟ್ ಯಾಕೆ? ಹಾಡನ್ನೇ ಇ ಮೈನರ್‌ನಲ್ಲಿ ಹಾಡಬಹುದಿತ್ತಲ್ಲ?

ಆರುತಂತಿ

ಇದರ ಹಿಂದೆ ಒಂದು ಕಥೆ ಇದೆ. ಈ ಹಾಡಿನ ಸಂಗೀತ ಹುಟ್ಟಿದ್ದು ಈಗಲ್ಸ್ ತಂಡದ ಗಿಟಾರ್ ವಾದಕ ಡಾನ್ ಫೆಲ್ಡರ್ ಕೈಯಲ್ಲಿ. ಕ್ಯಾಲಿಫೋರ್ನಿಯಾದ ಮ್ಯಾಲಿಬುನಲ್ಲಿ ಸಮುದ್ರದ ದಡದ ಬಾಡಿಗೆ ಮನೆಯಲ್ಲಿದ್ದಾಗ ನಾಲ್ಕು ಟ್ರ್ಯಾಕ್‌ನ ಟೇಪ್ ಯಂತ್ರದಲ್ಲಿ ಇದನ್ನು ಮುದ್ರಿಸಿಕೊಂಡಿದ್ದರು. ಆಗ ಅದು ಇ ಮೈನರ್‌ನಲ್ಲೇ ಇತ್ತು. ಸಾಹಿತ್ಯ ಬರೆದದ್ದು ಅದೇ ತಂಡದ ಡಾನ್ ಹೆನ್ಲಿ ಮತ್ತು ಗ್ಲೆನ್ ಫ್ರೈ. ಹಾಡುವವರು ಹೆನ್ಲಿ. ಅವರ ದನಿಗೆ ಇ ಮೈನರ್ ಹೊಂದಲಿಲ್ಲ, ಹುಡುಕಿ ಹುಡುಕಿ ಬಿ ಮೈನರ್‌ಗೆ ಬಂದರು. ಫೆಲ್ಡರ್‌ಗೆ ತನ್ನ ಇ ಮೈನರ್ ಆಕಾರಗಳೂ ಬೇಕು, ಹೆನ್ಲಿಗೆ ಬಿ ಮೈನರ್ ಬೇಕು. 7ನೇ ಫ್ರೆಟ್‌ನ ಕ್ಯಾಪೋ ಎರಡನ್ನೂ ಉಳಿಸಿತು. ಫೆಲ್ಡರ್ ವೇದಿಕೆಯಲ್ಲಿ ಎರಡು ಕುತ್ತಿಗೆಯ ಗಿಬ್ಸನ್ ಹಿಡಿದಿರುವ ವಿಡಿಯೋ ನೋಡಿ. 12 ತಂತಿಯ ಕುತ್ತಿಗೆಯ ಮೇಲೆ ಕ್ಯಾಪೋ ಇರುತ್ತದೆ, ಸೋಲೋಗೆ ಕೆಳಗಿನ 6 ತಂತಿಯ ಕುತ್ತಿಗೆ.

ಹಾಡು ಮುದ್ರಣ ಆಗುವಾಗ ಅದರ ಹೆಸರು ‘ಮೆಕ್ಸಿಕನ್ ರೆಗೆ’. ರೆಗೆ ಅಂದರೆ ಜಮೈಕಾದ ಸಂಗೀತ ಶೈಲಿ, ತಾಳ ಕೇಳಿದರೆ ಕಾರಣ ತಿಳಿಯುತ್ತದೆ. ಹಿಂದಿನ ಗಿಟಾರ್ ಕಾರ್ಡನ್ನು ಉದ್ದಕ್ಕೆ ಎಳೆಯುವುದಿಲ್ಲ, ಚಕ್ ಅಂತ ಕತ್ತರಿಸುತ್ತದೆ.

ಸೋಲೋ ಬಗ್ಗೆ ಫೆಲ್ಡರ್ ಹೇಳಿಕೊಂಡಿರುವ ಇನ್ನೊಂದು ಸಂಗತಿ. ಮಯಾಮಿಯ ಸ್ಟುಡಿಯೋದಲ್ಲಿ ಅವರೂ ತಂಡದ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಕೂಡ ಹೊಸದಾಗಿ ಏನೋ ನುಡಿಸಲು ಹೊರಟರಂತೆ. ಹೆನ್ಲಿ ತಡೆದು, ಮೊದಲ ಟೇಪಿನಲ್ಲಿ ಇದ್ದ ಹಾಗೇ ಬೇಕು ಅಂದರಂತೆ. ಟೇಪ್ ಮ್ಯಾಲಿಬು ಮನೆಯಲ್ಲೇ ಇತ್ತು. ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹಾಕಿಸಿ, ಫೋನಿನಲ್ಲೇ ಕೇಳಿಸಿಕೊಂಡು, ತನ್ನದೇ ಸೋಲೋ ತಾನೇ ಮತ್ತೆ ಕಲಿತರಂತೆ. ಅಂದರೆ ಆ ಸೋಲೋ ಆ ಕ್ಷಣಕ್ಕೆ ತೋಚಿದ್ದಲ್ಲ, ಕೂತು ಕಟ್ಟಿದ್ದು. ನಮ್ಮಂಥವರಿಗೆ ಇದು ಬಹಳ ಧೈರ್ಯ ಕೊಡುವ ವಿಷಯ.

ಕ್ಯಾಸೆಟ್‌ಕಾಲ

ಅವರೂ ಕ್ಯಾಸೆಟ್ ಕೇಳಿಯೇ ಕಲಿತರಾ! ಇದು ನನಗೆ ಗೊತ್ತೇ ಇರಲಿಲ್ಲ. ಮನಸ್ಸು ತುಂಬಿತು.

ಬೇಸ್‌ಮನೆ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ನನ್ನ ಕಡೆಯಿಂದ ಒಂದು ಮಾತು. ಕೆಳಗಿನ ಮೂಲ ಸ್ವರಗಳನ್ನು ಎರಡೆರಡಾಗಿ ಜೋಡಿಸಿ ನೋಡಿ. ಬಿ ಮತ್ತು ಎಫ್ ಶಾರ್ಪ್. ಎ ಮತ್ತು ಇ. ಜಿ ಮತ್ತು ಡಿ. ಪ್ರತಿ ಜೋಡಿಯಲ್ಲೂ ಎರಡನೆಯದು ಮೊದಲನೆಯದರ ಪಂಚಮ. ಜೋಡಿಯಿಂದ ಜೋಡಿಗೆ ಎರಡು ಫ್ರೆಟ್ ಇಳಿತ. ಮೇಲೆ ಒಂದೊಂದೇ ಫ್ರೆಟ್ ಇಳಿಯುವ ದನಿ, ಕೆಳಗೆ ಹೀಗೆ ದೊಡ್ಡ ಹೆಜ್ಜೆ. ಎರಡೂ ಒಟ್ಟಿಗೆ ಕೇಳಿಸಿಕೊಳ್ಳಿ.

ತಾಳದ ವಿಷಯ: ನಿಮಿಷಕ್ಕೆ ಸುಮಾರು 75 ಬೀಟ್. ಒಂದು ಸುತ್ತು 32 ಬೀಟ್, ಆದಿತಾಳ ಹಾಕಿದರೆ ನಾಲ್ಕು ಆವರ್ತನ. ಹೊಸಬರು ಇದನ್ನು ಯಾವಾಗಲೂ ಓಡಿಸುತ್ತಾರೆ. ಮೆಟ್ರೋನೋಮ್ ಹಾಕಿಕೊಳ್ಳಿ.

ಸಂಜೆತಂತಿ

ಒಂಬತ್ತು ದಿನ ಆಯಿತು, ವರದಿ ಒಪ್ಪಿಸಲು ಬಂದೆ.

ಮೊದಲ ನಾಲ್ಕು ದಿನ ಎರಡನೇ ತಂತಿ ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ. 12, 11, 10, 9, 8, 7. ಐದನೇ ದಿನ ಆ ಸ್ವರಗಳ ಸುತ್ತ ಒಂದೆರಡು ಪೆಂಟಟಾನಿಕ್ ಸ್ವರ ಸೇರಿಸಿದೆ. ಎರಡನೇ ಬಾರ್‌ನಲ್ಲಿ 10ಕ್ಕೆ ಹೋಗುತ್ತಿದ್ದ ಕಿರುಬೆರಳು 11ಕ್ಕೆ ಹೋಯಿತು. ಆ ಒಂದು ಫ್ರೆಟ್‌ನಿಂದ ಆದ ವ್ಯತ್ಯಾಸ ಏನು ಹೇಳಲಿ! ಬಾಗಿಲು ತೆಗೆದ ಹಾಗೆ. ಮುಂದಿನ ಬಾರ್‌ನಲ್ಲಿ ಮತ್ತೆ 10ಕ್ಕೆ ಬಂದಾಗ, ಅದೇ ಹಳೆಯ ಸ್ವರ ಈಗ ಸಮಾಧಾನ ಹೇಳುವ ಹಾಗೆ ಕೇಳಿತು.

ನಾಲ್ಕನೇ ಬಾರ್‌ನಲ್ಲೂ ಹಾಗೇ. ಮೊದಲು ಅಲ್ಲಿ ನನಗೆ ಅಪಸ್ವರ ಏನೂ ಕೇಳಿಸುತ್ತಿರಲಿಲ್ಲ, ಆದರೆ ಸಪ್ಪೆ ಅನಿಸುತ್ತಿತ್ತು. ಈಗ ಜಿ ಶಾರ್ಪ್ ಮುಟ್ಟಿದರೆ ಒಂದು ಬೆಳಕು ಬರುತ್ತದೆ.

ಎರಡು ಸಂದೇಹ ಉಳಿದಿವೆ. ಒಂದು, ಕೊನೆಯ ಎರಡು ಬಾರ್ 5 ಮತ್ತು 7 ನುಡಿಸಿದರೆ ಸಾಲು ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಮುಂದಿನ ಸುತ್ತಿನ 12ಕ್ಕೆ ಹಾರುವುದು ಸಹಜ ಅನಿಸುವುದಿಲ್ಲ. ಎರಡು, ಹಾಡಿನ ಕೊನೆಯಲ್ಲಿ ಎರಡು ಗಿಟಾರ್ ಒಟ್ಟಿಗೆ ಹೆಣೆದುಕೊಂಡು ಹೋಗುತ್ತವಲ್ಲ, ಅದನ್ನು ಮನೆಯಲ್ಲಿ ಅಭ್ಯಾಸ ಮಾಡುವ ಸುಲಭ ದಾರಿ ಇದೆಯಾ?

ಆರುತಂತಿ

ನಿಮ್ಮ ವರದಿ ಓದಿ ಖುಷಿಯಾಯಿತು. ಎರಡನೆಯದನ್ನು ನಾನು ಹೇಳುತ್ತೇನೆ.

ಕೊನೆಯ ಸೋಲೋ ಸುಮಾರು ಎರಡು ನಿಮಿಷ ಇದೆ. ಮೊದಲು ಫೆಲ್ಡರ್, ಆಮೇಲೆ ವಾಲ್ಶ್, ಆಮೇಲೆ ಒಬ್ಬರಾದ ಮೇಲೆ ಒಬ್ಬರು, ಕೊನೆಗೆ ಇಬ್ಬರೂ ಒಟ್ಟಿಗೆ. ಒಟ್ಟಿಗೆ ಬಂದಾಗ ಇಬ್ಬರೂ ನುಡಿಸುವುದು ಆಯಾ ಕಾರ್ಡ್‌ನ ಮೂರೇ ಸ್ವರಗಳನ್ನು. ಒಬ್ಬರು ಒಂದು ಸ್ವರದಲ್ಲಿದ್ದಾಗ ಇನ್ನೊಬ್ಬರು ಅದೇ ಕಾರ್ಡ್‌ನ ಪಕ್ಕದ ಸ್ವರದಲ್ಲಿ.

ನನ್ನ ಅಭ್ಯಾಸಕ್ಕೆ ನಾನು ಮಾಡಿಕೊಂಡಿರುವುದನ್ನು ಕೊಡುತ್ತೇನೆ. ಇದು ರೆಕಾರ್ಡಿನಲ್ಲಿರುವ ಬೆರಳುಗಾರಿಕೆ ಅಲ್ಲ, ಹೆಣಿಗೆ ಅರ್ಥ ಆಗಲಿ ಅಂತ. ಮೂರನೇ, ಎರಡನೇ, ಒಂದನೇ ತಂತಿ, ಈ ಕ್ರಮದಲ್ಲಿ ಫ್ರೆಟ್ ಬರೆದಿದ್ದೇನೆ.

ಮೊದಲ ಗಿಟಾರ್: ಬಿ ಮೈನರ್ 7, 7, 7. ಎಫ್ ಶಾರ್ಪ್ 6, 7, 6. ಎ 6, 5, 5. ಇ 4, 5, 4. ಜಿ 4, 3, 3. ಡಿ 2, 3, 2.

ಎರಡನೇ ಗಿಟಾರ್: ಬಿ ಮೈನರ್ 11, 12, 10. ಎಫ್ ಶಾರ್ಪ್ 11, 11, 9. ಎ 9, 10, 9. ಇ 9, 9, 7. ಜಿ 7, 8, 7. ಡಿ 7, 7, 5.

ಒಂದನೇ ತಂತಿಯಿಂದ ಮೂರನೆಯದಕ್ಕೆ ಇಳಿಯುತ್ತಾ ನುಡಿಸಿ, ಮತ್ತೆ ಮತ್ತೆ. ಒಂದನ್ನು ಫೋನಿನಲ್ಲಿ ಮುದ್ರಿಸಿ, ಇನ್ನೊಂದನ್ನು ಅದರ ಮೇಲೆ ನುಡಿಸಿ.

ಈಗ ಮೊದಲ ಗಿಟಾರಿನ ಒಂದನೇ ತಂತಿ ಮಾತ್ರ ಓದಿ: 7, 6, 5, 4, 3, 2. ಎರಡನೇ ಗಿಟಾರಿನ ಎರಡನೇ ತಂತಿ ಮಾತ್ರ ಓದಿ: 12, 11, 10, 9, 8, 7. ನಿಮ್ಮ ಒಂಬತ್ತು ದಿನದ ಅಭ್ಯಾಸ ಅದೇ ಅಲ್ವಾ?

ಹೊಸಬೆರಳು

ಸಂಜೆತಂತಿ, ಮೊದಲ ಗಿಟಾರ್ ನಾನು ನುಡಿಸಿ ಆಡಿಯೋ ಕಳಿಸಲಾ? ನೀವು ಎರಡನೆಯದು ಹಾಕಿ. 60 ಬೀಟ್‌ಗೆ ಇಡೋಣ, 75 ನನ್ನ ಕೈಗೆ ಇನ್ನೂ ಜಾಸ್ತಿ.

ಸಂಜೆತಂತಿ

ಖಂಡಿತ ಕಳಿಸಿ! ಕಾಯುತ್ತೇನೆ.

ವೀಣೆಮನೆ

ಕೊನೆಯ ಎರಡು ಬಾರ್‌ನ ಪ್ರಶ್ನೆ ನನಗೆ ಬಿಡಿ. ಮಗನ ಹತ್ತಿರ ಕಾರ್ಡ್ ನುಡಿಸಲು ಹೇಳಿ, ನಾನು ವೀಣೆಯಲ್ಲಿ ಆ ಇಳಿತ ನುಡಿಸಿದೆ. ವೀಣೆಯ ಶ್ರುತಿ ಬದಲಾಯಿಸಲಿಲ್ಲ, ಅವನೇ ಕ್ಯಾಪೋ ಜರುಗಿಸಿಕೊಂಡು ನನ್ನ ಶ್ರುತಿಗೆ ಬಂದ. ತಾರ ಷಡ್ಜದಿಂದ ಪಂಚಮದವರೆಗೆ ಒಂದೊಂದೇ ಮೆಟ್ಟಿಲು ಇಳಿದೆ. ಆರನೇ ಬಾರ್‌ನಲ್ಲಿ ಪಂಚಮಕ್ಕೆ ಬಂದು ನಿಂತೆ. ಅಲ್ಲಿಂದ ನೀವು ಕೆಳಗೆ ಮಧ್ಯಮಕ್ಕೆ ಹೋಗುತ್ತಿದ್ದೀರಿ. ನನ್ನ ಕೈ ಮೇಲಕ್ಕೆ ಹೋಯಿತು.

ಏಳನೇ ಬಾರ್‌ನ ಇ ಮೈನರ್ ಒಳಗೆ ಜಿ ಸ್ವರ ಇದೆ, ಶುದ್ಧ ಧೈವತ. ಎಂಟನೇ ಬಾರ್‌ನ ಎಫ್ ಶಾರ್ಪ್ ಒಳಗೆ ಎ ಶಾರ್ಪ್ ಇದೆ, ಕಾಕಲಿ ನಿಷಾದ. ಅದಾದ ಮೇಲೆ ಮತ್ತೆ ಬಿ, ತಾರ ಷಡ್ಜ. ದ ನಿ ಸ. ಕೀರವಾಣಿ ಹಾಡಿದವರ ಬಾಯಲ್ಲಿ ಸದಾ ಓಡಾಡುವ ತುಣುಕು. ನಡುವೆ ಮೂರು ಮೆಟ್ಟಿಲಿನ ಆ ಜಿಗಿತ ಇದೆಯಲ್ಲ, ಅದರಲ್ಲೇ ಎಲ್ಲ ಇದೆ.

ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡನೇ ತಂತಿಯಲ್ಲಿ 12, 11, 10, 9, 8, 7, ಆಮೇಲೆ 8, ಆಮೇಲೆ 11. 5ಕ್ಕೆ ಹೋಗಬೇಡಿ. 11ನ್ನು ನಾಲ್ಕು ಬೀಟ್ ಪೂರ್ತಿ ಹಿಡಿದು, ಕೊನೆಯ ಬೀಟ್‌ನಲ್ಲಿ ತಂತಿಯನ್ನು ಸ್ವಲ್ಪ ಎಳೆದು 12ರ ಸ್ವರ ಮುಟ್ಟಿಸಿ.

ಸಂಜೆತಂತಿ

ಮೇಡಂ, ನುಡಿಸಿದೆ. ಈಗ ಸುತ್ತು ಮುಗಿಯುವುದೇ ಇಲ್ಲ, ತಾನಾಗಿಯೇ ಮೊದಲಿಗೆ ಬಂದು ಸೇರುತ್ತದೆ. ಅರ್ಧ ಗಂಟೆ ಅದನ್ನೇ ನುಡಿಸುತ್ತಾ ಕೂತಿದ್ದೆ. ಹೊಸಬೆರಳು ಕಳಿಸಿದ ಆಡಿಯೋ ಈಗ ಬಂತು, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೇನೆ.